ದೇವರನ್ನು ಯಾರಿಗೆ ಒಪ್ಪಿಸಿ ಹೋಗೋಣ

ಮನೆಯಲ್ಲಿ ದೇವರನ್ನಿಟ್ಟುಕೊಂಡು ಪರದೇಶದಲ್ಲಿ ಸಂಸಾರ ಹೂಡಿದವನಿಗೆ ನಗೆಪಾಟಲಿನ ಸಂದರ್ಭಗಳು ತಾವಾಗಿಯೇ ಒದಗಿ ಬರುತ್ತವೆ; ಅದಕ್ಕಾಗಿ ಅವನು ವಿಶೇಷ ಶ್ರಮಪಡಬೇಕಾಗಿಲ್ಲ. ನಾನು ಸಿಡ್ನಿಯಲ್ಲಿ ಬಸ್ ಓಡಿಸುವವನು. ಓದಿದ್ದು ಚನ್ನರಾಯಪಟ್ಟಣದ ಕಡೆಯ ಹಳ್ಳಿಶಾಲೆಯಲ್ಲಿ. ಪೆಂಡಲ್ ಹಿಲ್‌ನ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಹಿತ್ತಾಳೆಯ ವೆಂಕಟರಮಣ ಇದ್ದಾನೆ, ಗೇಣುದ್ದದವನು. ದಿನಾ ಸಂಜೆ ಆರಕ್ಕೆ ಅವನಿಗೆ ದೀಪ, ಜೊತೆಗೊಂದು ನೈವೇದ್ಯ. ಅದು ತಪ್ಪಕೂಡದು ಎಂಬುದು ನಮ್ಮ ಮನೆತನದ ಕಟ್ಟು. ಹಾಗಾಗಿ ಮದುವೆಯಾದಂದಿನಿಂದ ನಾನೂ ನನ್ನ ಹೆಂಡತಿಯೂ ಒಟ್ಟಿಗೆ ಎಲ್ಲಿಯೂ ಹೋಗಿ ತಂಗಿದವರಲ್ಲ. ಊರಿಗೆ ಹೋಗುವುದಾದರೂ ಸರದಿ. ಒಮ್ಮೆ ಅವಳು, ಒಮ್ಮೆ ನಾನು.

ಪಕ್ಕದ ಮನೆಯಲ್ಲಿ ಮಾಲ್ಟಾ ದೇಶದ ಒಬ್ಬ ಅಜ್ಜಿ ಇದ್ದಾರೆ. ಮೆಡಿಟರೇನಿಯನ್ ಸಮುದ್ರದ ನಡುವಿನ ಗೋಜೋ ಎಂಬ ಪುಟ್ಟ ದ್ವೀಪ ಅವರ ತವರು. ಬೇಲಿಯ ಆಚೆ ಬಟ್ಟೆ ಒಣಹಾಕುತ್ತ ಅವರು ಅಲ್ಲಿನ ಕೆಂಪು ಮರಳಿನ ಬೀಚು, ಸೂರ್ಯ ಮುಳುಗಿದ ಮೇಲೂ ಬೆಚ್ಚಗಿರುವ ನೀರು ಎಂದೆಲ್ಲ ಹೇಳುತ್ತಿದ್ದರು. ಬೇಲಿಯ ಈಚೆ ನನ್ನವಳು ಕೇಳುತ್ತಿದ್ದಳು. ಒಂದು ದಿನ ಒಳಗೆ ಬಂದು, ಬಕೆಟ್ ಕೆಳಗಿಟ್ಟು, "ರೀ, ಜುಲೈನಲ್ಲಿ ನಾವಿಬ್ಬರೂ ಗೋಜೋಗೆ ಹೋಗ್ತಿದ್ದೀವಿ" ಎಂದಳು.

"ಇಬ್ಬರೂ ಹೋದರೆ ದೀಪ?"

"ಅದಕ್ಕೆ ದಾರಿ ಹುಡುಕಿ. ಹೋಗೋದಂತೂ ಹೋಗೋದೇ."

"ದೇವರನ್ನೂ ಜೊತೆಗೆ ಕರೆದುಕೊಂಡು ಹೋದರೆ?"

"ಅಲ್ಲೂ ಸಂಜೆ ಆರಕ್ಕೆ ನೀರಿನಿಂದ ಎದ್ದು ಬರಬೇಕು. ಅದಕ್ಕೆ ಅಷ್ಟು ದೂರ ಯಾಕೆ, ಇಲ್ಲೇ ಬಕೆಟ್‌ನಲ್ಲಿ ಕಾಲಿಟ್ಟುಕೊಂಡು ಕೂರ್ತೀನಿ" ಎಂದಳು.

ಮದುವೆ ಯಾರದ್ದು?

ಸ್ಟೇಷನ್ ಹತ್ತಿರ ಮಂಗಳೂರಿನವರೊಬ್ಬರ ಟಿಕೆಟ್ ಅಂಗಡಿ. ಅಲ್ಲಿಗೆ ಬರುವವರೆಲ್ಲ ಊರಿಗೇ ಹೋಗುವವರು. ನಾವು ಕುರ್ಚಿಯಲ್ಲಿ ಕೂರುವ ಮೊದಲೇ ಅವರ ಬೆರಳು ಕಂಪ್ಯೂಟರಿನಲ್ಲಿ ಬೆಂಗಳೂರು ಎಂದು ಒತ್ತಿ ಮುಗಿಸಿತ್ತು.

"ಬೆಂಗಳೂರಲ್ಲ, ಮಾಲ್ಟಾ" ಎಂದಳು ಇವಳು.

"ಮಾಲ್ಟಾಕ್ಕೆ? ಅಲ್ಲಿ ಮದುವೆ ಯಾರದ್ದು ಅಕ್ಕ?"

"ಯಾರದ್ದೂ ಇಲ್ಲ."

"ಮತ್ತೆ, ಗೃಹಪ್ರವೇಶವಾ?"

"ಅಲ್ಲಿ ನಮ್ಮವರು ಯಾರೂ ಇಲ್ಲ."

ಅವರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಮನೆಯಲ್ಲೇನೋ ಆಗಿದೆ ಎಂಬ ಅನುಮಾನ ಅವರ ಮುಖದಲ್ಲಿತ್ತು. "ಸಮುದ್ರ ನೋಡಲಿಕ್ಕೆ" ಎಂದೆ ನಾನು, ಆದಷ್ಟು ಗೌರವ ಉಳಿಸಿಕೊಂಡು.

"ಅಲ್ಲ ಮಾರಾಯ್ರೆ, ಸಮುದ್ರ ಸಿಡ್ನಿಯಲ್ಲೇ ಉಂಟಲ್ಲ. ಟ್ರೈನಿಗೆ ಹೋಗಿ ಬರಬಹುದು." ಆಮೇಲೆ ಇವಳ ಮುಖ ನೋಡಿ ಬೇಗ ಬೇಗ ಒತ್ತತೊಡಗಿದರು. ಕೊನೆಗೆ ಪ್ರಿಂಟ್ ತೆಗೆದು ಕೈಗಿಟ್ಟರು. ಹೋಗುವಾಗ ಬೆಂಗಳೂರಿನಲ್ಲಿ ಒಂದು ವಾರ, ಬರುವಾಗ ಒಂದು ವಾರ, ನಡುವೆ ಮಾಲ್ಟಾದಲ್ಲಿ ಒಂದೂವರೆ ದಿನ.

"ಇದೇನಿದು?" ಎಂದಳು.

"ಹೇಗೂ ಅಷ್ಟು ದೂರ ಹೋಗ್ತೀರಿ. ಬೆಂಗಳೂರಿಗೆ ಹೋಗದೆ ಬಂದರೆ ನಿಮ್ಮ ಅತ್ತೆ ನನ್ನನ್ನು ಬೈಯುವುದಿಲ್ವಾ?"

ಇವಳು ಹಾಳೆಯನ್ನು ಮಡಿಸಿ ಅವರಿಗೇ ವಾಪಸು ಕೊಟ್ಟಳು. "ಅತ್ತೆ ಹೋಗಿ ಬಹಳ ವರ್ಷ ಆಯ್ತು. ಅವರು ಬೈದರೆ ನಾನು ನೋಡ್ಕೋತೀನಿ, ನೀವು ನೇರ ಟಿಕೆಟ್ ಕೊಡಿ."

ದೇವಸ್ಥಾನದಲ್ಲಿ ಜಾಗವಿಲ್ಲ

ದೇವಸ್ಥಾನದ ಅರ್ಚಕರನ್ನು ಕೇಳಿದೆ. ಅವರು ನಿಟ್ಟುಸಿರು ಬಿಟ್ಟರು. ಜುಲೈನಲ್ಲಿ ಮಕ್ಕಳಿಗೆ ರಜೆ. ಎಲ್ಲರೂ ಮನೆದೇವರನ್ನು ಅವರಿಗೊಪ್ಪಿಸಿ ಊರಿಗೆ ಹೋಗುತ್ತಾರಂತೆ. ಹಿಂದಿನ ಸಲ ಎರಡು ಗಣಪತಿಗಳು ಅದಲುಬದಲಾಗಿ, ಒಂದು ಮನೆಯವರು "ನಮ್ಮ ಗಣಪತಿ ಇಷ್ಟು ದಪ್ಪ ಇರಲಿಲ್ಲ" ಎಂದು ಜಗಳಕ್ಕೆ ಬಂದಿದ್ದರಂತೆ. ಇನ್ನೊಬ್ಬರು ತಮ್ಮ ಸುಬ್ರಹ್ಮಣ್ಯನನ್ನು ಇಟ್ಟವರು ಬ್ರಿಸ್ಬೇನ್‌ಗೆ ಮನೆಯನ್ನೇ ಬದಲಾಯಿಸಿ, ಫೋನೂ ಎತ್ತುತ್ತಿಲ್ಲವಂತೆ.

"ನಿಮ್ಮದು ಯಾವ ದೇವರು?"

"ವೆಂಕಟರಮಣ."

"ಬಿಡಿ, ಎಲ್ಲಾದರೂ ಒತ್ತರಿಸಿ ಇಡೋಣ. ಆದರೆ ಹೆಸರು, ಸಬರ್ಬ್, ಮೊಬೈಲ್ ನಂಬರ್ ಬರೆದ ಸ್ಟಿಕ್ಕರ್ ಅಂಟಿಸಿ ತನ್ನಿ. ಬೆನ್ನಿಗೆ. ಮುಂದೆ ಅಲಂಕಾರಕ್ಕೆ ತೊಂದರೆ ಆಗುತ್ತೆ."

ನಾನು ತೀರ್ಥ ತೆಗೆದುಕೊಂಡು ಮನೆಗೆ ಬಂದೆ.

ಟಾರ್ನೀಟ್‌ನ ಮಂಗಳಾರತಿ

ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ನನ್ನ ತಮ್ಮ ಹೊಸ ಮನೆ ಕಟ್ಟಿಸಿದ್ದ. ಅವನದೂ ಅದೇ ಮನೆತನ. ದೇವರು ಕೆಲವು ದಿನ ಅಲ್ಲಿಗೆ ಹೋದರೆ ದೋಷವಿಲ್ಲ. ಒಯ್ಯುವ ಮೊದಲು ವ್ಯವಸ್ಥೆ ನೋಡಿ ಬರೋಣವೆಂದು ನಾನೊಬ್ಬನೇ ಹೋದೆ. ಸುತ್ತ ಅರ್ಧ ಕಟ್ಟಿದ ಮನೆಗಳು, ಗಾಳಿ, ಧೂಳು. ಒಳಗೆ ಎಲ್ಲವೂ ಹೊಳೆಯುತ್ತಿತ್ತು. ದೇವರಿಗೆಂದು ಅವನು ಲಿನೆನ್ ಕಬೋರ್ಡಿನಲ್ಲಿ ಟವೆಲ್‌ಗಳ ಮೇಲಿನ ಅರೆಯನ್ನು ಖಾಲಿ ಮಾಡಿಟ್ಟಿದ್ದ.

"ದೀಪ?" ಎಂದೆ.

"ಅಣ್ಣ, ಎಲೆಕ್ಟ್ರಿಕ್ ದೀಪ ತಂದಿದ್ದೀನಿ. ಟೈಮರ್ ಇದೆ. ಆರಕ್ಕೆ ತಾನೇ ಹತ್ತುತ್ತೆ, ಏಳಕ್ಕೆ ತಾನೇ ಆರುತ್ತೆ. ನಾನು ಆಫೀಸಿನಲ್ಲಿದ್ದರೂ ಚಿಂತೆ ಇಲ್ಲ."

"ನಮಸ್ಕಾರ ಮಾಡೋಕೂ ಟೈಮರ್ ಇದೆಯೋ?"

ಅವನ ಹೆಂಡತಿ ಅಡುಗೆಮನೆಯಲ್ಲಿ ನಕ್ಕಳು. ಅವನಿಗೆ ಸಿಟ್ಟು ಬಂತು. "ಹಾಗಾದರೆ ನೀನೇ ತೋರಿಸು, ಹೇಗೆ ಮಾಡಬೇಕು ಅಂತ" ಎಂದ.

ನಾನು ಸ್ನಾನ ಮಾಡಿ ಬಂದು, ಅವನ ಮನೆಯ ವೆಂಕಟರಮಣನ ಪಟಕ್ಕೆ ಎರಡು ಬತ್ತಿಯ ತುಪ್ಪದ ದೀಪ ಹಚ್ಚಿ, ಊದುಬತ್ತಿ ಏರಿಸಿ, ಕರ್ಪೂರ ಬೆಳಗಿ ಗಂಟೆ ಹಿಡಿದೆ. ನನ್ನ ಗಂಟೆ ಶುರುವಾದ ಕೂಡಲೇ ಚಾವಣಿಯಲ್ಲಿದ್ದ ಹೊಗೆಯ ಅಲಾರಂ ಕಿರುಚತೊಡಗಿತು. ಮಂಗಳಾರತಿಯನ್ನು ನಡುವೆ ನಿಲ್ಲಿಸುವ ಹಾಗಿಲ್ಲ. ನಾನು ಬೆಳಗುತ್ತಲೇ ಇದ್ದೆ. ತಮ್ಮ ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದ. ಎದುರುಮನೆಯ ಆಸ್ಟ್ರೇಲಿಯನ್ ದಂಪತಿ ಬೆಂಕಿ ಎಂದುಕೊಂಡು ತೋಟದ ನೀರಿನ ಪೈಪ್ ಎಳೆದುಕೊಂಡೇ ಬಂದು ಬಾಗಿಲಲ್ಲಿ ನಿಂತರು.

ತಟ್ಟೆಯಲ್ಲಿ ಕರ್ಪೂರ ಇನ್ನೂ ಉರಿಯುತ್ತಿತ್ತು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ಅವರ ಮುಂದೆ ತಟ್ಟೆ ಹಿಡಿದೆ. ಇಬ್ಬರೂ ಪೈಪ್ ಕೆಳಗಿಟ್ಟು, ನನ್ನ ತಮ್ಮ ಕುರ್ಚಿಯ ಮೇಲಿಂದಲೇ ತೋರಿಸಿಕೊಟ್ಟಂತೆ, ಆರತಿ ತೆಗೆದುಕೊಂಡರು. ಹೋಗುವಾಗ ಆಕೆ ತಮ್ಮನಿಗೆ ಹೇಳಿದ್ದು: "ಪ್ರತಿ ದಿನ ಇದೇ ಹೊತ್ತಿಗಾದರೆ ಮೊದಲೇ ಹೇಳಿಬಿಡಿ, ನಾವು ಗಾರ್ಡನ್ನಿಗೆ ಆಮೇಲೆ ನೀರು ಹಾಕ್ತೀವಿ."

ಈಜುಕೊಳದಲ್ಲಿ ಮೂರು ಮುಳುಗು

ದೀಪದ ದಾರಿ ಸಿಕ್ಕದಿದ್ದರೂ ನನ್ನವಳು ಈಜು ಕಲಿಯುವುದನ್ನು ಬಿಡಲಿಲ್ಲ. ಕೌನ್ಸಿಲ್‌ನ ಈಜುಕೊಳಕ್ಕೆ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು ಕೊಂಡು ಹೋಗತೊಡಗಿದಳು. ಅಲ್ಲಿದ್ದ ಪುಟ್ಟ ಮಕ್ಕಳ ಜೊತೆ ನೀರು ಬಡಿಯುತ್ತಿದ್ದಳು. ಒಂದು ಶನಿವಾರ ನನ್ನನ್ನೂ ಎಳೆದುಕೊಂಡು ಹೋದಳು.

ಬಾವಿಯಲ್ಲಿ ಈಜು ಕಲಿತ ನನಗೆ ಆ ನೀಲಿ ನೀರಿನ ಹೆದರಿಕೆಯೇನೂ ಇರಲಿಲ್ಲ. ಆದರೆ ತುಂಬಿದ ನೀರಿಗಿಳಿದ ಮೇಲೆ ಮೂಗು ಹಿಡಿದು ಮೂರು ಸಲ ಮುಳುಗದೆ ಬೇರೆ ಕೆಲಸ ಹೇಗೆ ಶುರು ಮಾಡುವುದು? ಸೊಂಟದ ಮಟ್ಟದ ನೀರಿನಲ್ಲಿ ಪೂರ್ವಕ್ಕೆ ತಿರುಗಿ ನಿಂತೆ. ಕಣ್ಣು ಮುಚ್ಚಿದೆ, ಮೂಗು ಹಿಡಿದೆ, ಗಂಗೆಯನ್ನೂ ಕಾವೇರಿಯನ್ನೂ ನೆನೆದು ಮುಳುಗಿದೆ. ಎದ್ದೆ. ಮತ್ತೆ ಮುಳುಗಿದೆ. ನೀರಿನೊಳಗೆ ಎಲ್ಲೋ ಶಿಳ್ಳೆ ಕೇಳಿಸಿತು. ಎರಡು ಕೈಗಳು ನನ್ನ ಕಂಕುಳಿಗೆ ಬಂದು ನನ್ನನ್ನು ದಂಡೆಗೆ ಎಳೆದು ಹಾಕಿದವು. ಕಾವಲಿಗಿದ್ದ ಹುಡುಗಿ ಬಟ್ಟೆ ಸಮೇತ ಹಾರಿದ್ದಳು.

"ನಿಮಗೆ ಮನಸ್ಸಿಗೇನಾದರೂ ಬೇಜಾರಾಗಿದೆಯಾ ಸರ್? ಯಾರ ಹತ್ತಿರವಾದರೂ ಮಾತಾಡಬೇಕಾ?" ಎಂದು ಬಹಳ ಮೆತ್ತಗೆ ಕೇಳಿದಳು.

ನಾನು ಮಾತಾಡುವ ಹಾಗಿರಲಿಲ್ಲ, ಮೂರನೆಯದು ಬಾಕಿಯಿತ್ತು. ಆ ಕಡೆಯಿಂದ ನನ್ನವಳು ತೇಲುವ ಹಲಗೆ ತಬ್ಬಿಕೊಂಡು ಕಾಲು ಬಡಿಯುತ್ತ ಬಂದು ಹೇಳಿದಳು: "ಅವರನ್ನ ಬಿಟ್ಟುಬಿಡಮ್ಮ. ಇನ್ನೊಂದೇ ಇರೋದು. ನೀನು ತಡೆದರೆ ಮತ್ತೆ ಮೊದಲಿಂದ ಶುರು ಮಾಡ್ತಾರೆ."

ಬೇಲಿಯಾಚೆಯ ಅಜ್ಜಿ

ಹೊರಡುವ ದಿನ ಹತ್ತಿರ ಬಂತು. "ನೀನೊಬ್ಬಳೇ ಹೋಗಿ ಬಾ" ಎಂದೆ. ಅವಳು ಉತ್ತರ ಕೊಡದೆ ನನ್ನ ಬಟ್ಟೆಗಳನ್ನೂ ಇಸ್ತ್ರಿ ಮಾಡಿ ಸೂಟ್‌ಕೇಸಿಗೆ ತುಂಬಿದಳು. ಆಮೇಲೆ ಬೇಲಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳು. ಅಜ್ಜಿ ನಮ್ಮ ಮನೆಗೇ ಬಂದರು. ಅವರಿಗೆ ಬಹಳ ಅವಮಾನವಾಗಿತ್ತು.

"ನಾನು ಹುಟ್ಟಿದಂದಿನಿಂದ ನಮ್ಮ ಮಾತೆ ಮೇರಿಯ ಮುಂದೆ ದೀಪ ಹಚ್ಚಿದವಳು. ನೀನು ದೀಪ ಹಚ್ಚೋರನ್ನ ಹುಡುಕಿಕೊಂಡು ಮೆಲ್ಬರ್ನ್ ತನಕ ಹೋದೆ. ಈ ಬೇಲಿ ಅದಕ್ಕಿಂತ ದೂರವಾ?"

ಸಂಪ್ರದಾಯದ ಮಾತು, ನಾನೊಬ್ಬನೇ ತೀರ್ಮಾನಿಸುವುದು ಸರಿಯಲ್ಲವೆಂದು ಊರಿನ ಪುರೋಹಿತರಿಗೆ ಫೋನ್ ಮಾಡಿದೆ. ಅವರಿಗೆ ವಯಸ್ಸಾಗಿತ್ತು, ಮಾತು ಚುಟುಕು.

"ಆಯಮ್ಮ ಬೆಳಿಗ್ಗೆ ಎದ್ದು ಸ್ನಾನ ಮಾಡ್ತಾರೋ?"

"ಮಾಡ್ತಾರೆ."

"ದಿನಾ ಕೈ ಮುಗೀತಾರೋ?"

"ಎರಡು ಹೊತ್ತೂ. ಭಾನುವಾರ ಚರ್ಚಿಗೆ ನಡೆದೇ ಹೋಗ್ತಾರೆ."

"ನಿನ್ನ ತಮ್ಮ?"

"ಟೈಮರ್ ಇಟ್ಟಿದ್ದಾನೆ."

"ಹೋಗಿ ಅಜ್ಜಿ ಕೈಗೆ ಬೀಗದ ಕೈ ಕೊಡಪ್ಪ" ಎಂದು ಅವರು ಫೋನ್ ಇಟ್ಟರು.

ಗೋಜೋದಿಂದ ಒಂದು ಫೋನು

ಹೀಗೆ ಸೋಮವಾರ ಸಿಡ್ನಿ ಬಿಟ್ಟವರು, ವಿಮಾನ ಬದಲಾಯಿಸಿ, ಹಡಗು ಹತ್ತಿ, ಕೆಂಪು ಮರಳಿನ ಮೇಲೆ ಬಂದು ನಿಂತೆವು. ನನ್ನವಳು ಎರಡು ದಿನ ನೀರಿನಿಂದ ಏಳಲಿಲ್ಲ. ನಾನು ಮಾತ್ರ ಬೆಳಿಗ್ಗೆ ಹತ್ತಾದ ಕೂಡಲೇ ಎದ್ದು ನಿಂತು ಕೈ ಮುಗಿಯುತ್ತಿದ್ದೆ. ಆಗ ಸಿಡ್ನಿಯಲ್ಲಿ ಸಂಜೆ ಆರು. ಶುಕ್ರವಾರ ತಡೆಯಲಾಗಲಿಲ್ಲ. ಬೀಚಿನ ಪಕ್ಕದ ಹೋಟೆಲಿನ ಫೋನಿನಿಂದ ಅಜ್ಜಿಗೆ ಮಾಡಿದೆ. ಅವರು ನಮ್ಮ ಮನೆಯಲ್ಲೇ ಇದ್ದರು. ಹೆಂಡತಿ ಹನಿ ಹನಿ ನೀರು ಸುರಿಸುತ್ತ ಪಕ್ಕದಲ್ಲಿ ಬಂದು ನಿಂತಳು.

"ದೀಪ ಹಚ್ಚಿದಿರಾ ಆಂಟಿ?"

"ಹಚ್ಚಿದೆ. ಆದರೆ ಒಂದು ಮಾತು. ನಿಮಗೆ ಗಾಬರಿ ಆಗಬಾರದು ಅಂತ ಹೇಳಿರಲಿಲ್ಲ." ಅಜ್ಜಿಯ ದನಿ ಇಳಿಯಿತು. "ನಿನ್ನ ದೇವರು ಊಟ ಬಿಟ್ಟಿದ್ದಾನೆ."

ನೈವೇದ್ಯವನ್ನು ದೇವರಿಗೆ ತೋರಿಸಿ ಆಮೇಲೆ ನಾವು ತಿನ್ನುವುದು ಎಂಬುದನ್ನು ಅವರಿಗೆ ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ಅದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ.

"ಮೊದಲ ದಿನ ಬಾಳೆಹಣ್ಣು ಇಟ್ಟೆ, ಮುಟ್ಟಲಿಲ್ಲ. ಹೊಸ ಮುಖ, ನಾಚಿಕೆ ಇರಬೇಕು ಅಂತ ಬಾಗಿಲು ಮುಚ್ಚಿ ಹೊರಗೆ ಕೂತೆ. ಆಗಲೂ ಇಲ್ಲ. ಆಮೇಲೆ ಅಕ್ಕಿ ಪಾಯಸ ಮಾಡಿದೆ. ನಿನ್ನೆ ಚೀಸ್ ತುಂಬಿದ ಬಿಸಿ ಬಿಸಿ ಪೇಸ್ಟ್ರಿ. ನನ್ನ ಗಂಡ ಅದಕ್ಕೆ ಪ್ರಾಣ ಬಿಡ್ತಿದ್ದ. ನಿನ್ನ ದೇವರು ತಿರುಗಿಯೂ ನೋಡಲಿಲ್ಲ."

ಹೋಟೆಲಿನ ಗೋಡೆಯ ಮೇಲೆ ಆ ದ್ವೀಪದ ಹೆಸರುವಾಸಿ ಅಡುಗೆಯ ಚಿತ್ರವಿತ್ತು: ಮೊಲದ ಸಾರು. "ಆಂಟಿ, ಇವತ್ತು ಏನಿಟ್ಟಿರಿ? ಮಾಂಸ ಮಾತ್ರ…"

"ಇವತ್ತು ಶುಕ್ರವಾರ. ಶುಕ್ರವಾರ ನಾನೇ ಮಾಂಸ ಮುಟ್ಟಲ್ಲ, ದೇವರಿಗೆ ಇಡ್ತೀನಾ?" ಎಂದು ಗದರಿಕೊಂಡರು. "ಅದೆಲ್ಲ ನಾಳೆ."

ಬಾಯಿಂದ ಬಂದದ್ದು ಒಂದೇ ಮಾತು, ಅದೂ ಹೆಂಡತಿಗೆ: "ವಾಪಸು ಹೊರಡೋಣ."

ಅವಳು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. "ಆಂಟಿ, ನಾಳೆ ಶನಿವಾರ. ಶನಿವಾರ ನಮ್ಮ ದೇವರ ದಿನ, ಪೂರ್ತಿ ಉಪವಾಸ. ದೀಪ ಹಚ್ಚಿ, ಸಾಕು. ಉಳಿದ ದಿನ ಬರೀ ಬಾಳೆಹಣ್ಣು ಇಡಿ. ಅವನು ನೋಡಿದರೆ ಆಯ್ತು, ಆಮೇಲೆ ನೀವೇ ತಿನ್ನಬೇಕು, ಅದೇ ನಮ್ಮ ಕ್ರಮ."

"ಉಪವಾಸ ನಾವಿರೋದಲ್ಲವಾ? ದೇವರು ಉಪವಾಸ ಇರ್ತಾನಾ?" ಎಂದು ಪಿಸುಗುಟ್ಟಿದೆ.

"ಎಷ್ಟು ವರ್ಷದಿಂದ ನೀವೇ ಇದ್ದೀರಿ. ಒಂದು ವಾರ ಅವನಿರಲಿ" ಎಂದು, ನನಗೂ ಕೇಳಲೆಂದು ಫೋನನ್ನು ನಮ್ಮಿಬ್ಬರ ಕಿವಿಯ ನಡುವೆ ಹಿಡಿದಳು.

ಆ ಕಡೆ ಅಜ್ಜಿಯ ನಿಟ್ಟುಸಿರು ಕೇಳಿಸಿತು. "ಶನಿವಾರ ಮಾತ್ರ ಅಂತ ಅವನಿಗೆ ಸರಿಯಾಗಿ ಹೇಳಿ ಹೋಗಬಾರದಿತ್ತಾ?" ಎಂದರು. "ಪಾಪ, ಅವನು ಮಂಗಳವಾರದಿಂದಲೇ ಶುರು ಮಾಡಿಬಿಟ್ಟಿದ್ದಾನೆ."