ಚಮಚದ ಬೆನ್ನು ಓದುವ ಕೆಲಸ

ಹಳೆಯ ಬೆಳ್ಳಿ ಚಮಚಗಳ ಬೆನ್ನು ನೋಡುವುದು ನನ್ನ ನೌಕರಿ. ಇದರಲ್ಲಿ ನಗುವಂಥದ್ದೇನಿದೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡು ಸೇರಿದ್ದೆ. ಆದರೆ ಪ್ರಸಂಗಗಳು ಅಂಗಡಿಯ ಮೆಟ್ಟಿಲು ಹತ್ತಿಕೊಂಡು ತಾವಾಗೇ ಬರುತ್ತವೆ.

೧. ಕೈಸನ್ನೆ

ನಮ್ಮದು ಪಣಜಿಯಲ್ಲಿ ಹಳೆಯ ಸಾಮಾನಿನ ಅಂಗಡಿ. ಅಂಗಡಿಯ ಸರ್ ಒಮ್ಮೆ ಒಂದು ಪೆಟ್ಟಿಗೆ ತುಂಬ ಅಮೆರಿಕದ ಚಮಚಗಳನ್ನು ಕೊಂಡು ತಂದರು. ಹಿಡಿಕೆಯ ಹಿಂಬದಿಗೆ, ಅದನ್ನು ಮಾಡಿದ ಅಕ್ಕಸಾಲಿಗನ ಹೆಸರನ್ನು ಸಣ್ಣದಾಗಿ ಒತ್ತಿರುತ್ತಾರೆ. ಭೂತಗನ್ನಡಿಯಲ್ಲಿ ಅದನ್ನು ಓದಿ, ಮುಂಬದಿಯ ಕೆತ್ತನೆ ಎಂಥದ್ದೆಂದು ಗುರುತಿಸಿ, ಗಿರಾಕಿಗೆ ಹೇಳಬೇಕು. ಓದುವುದು ಸಲೀಸು, ಹೇಳುವುದೇ ಕಷ್ಟ. ಇಂಗ್ಲಿಷ್ ಶಾಲೆಯವಳು, ಪಟಪಟ ಮಾತಾಡುತ್ತಾಳೆ ಎಂದು ಸರ್ ನನ್ನನ್ನು ಇಟ್ಟುಕೊಂಡಿದ್ದರು. ಆ ಶಾಲೆಯಲ್ಲಿ ಹಾಜರಿ ಕೂಗಿದಾಗ ಬಿಟ್ಟರೆ ನಾನು ಬಾಯಿ ತೆರೆದವಳೇ ಅಲ್ಲ.

ಮೊದಲ ಗಿರಾಕಿ ಒಬ್ಬ ವಿದೇಶಿ ಹೆಂಗಸು. "ಇದನ್ನು ಮಾಡಿದ್ದು ಯಾರು?" ಎಂದಳು. ಹೆಸರನ್ನು ಚೀಟಿಯಲ್ಲಿ ಬರೆದು ತೋರಿಸಿದೆ. ಪಾಪ, ಇವಳಿಗೆ ಮಾತು ಬರುವುದಿಲ್ಲ ಎಂದುಕೊಂಡು ಆಕೆ ಕೈಸನ್ನೆ ಶುರುಮಾಡಿದಳು. ಬರುತ್ತದೆ ಎನ್ನಲಿಕ್ಕೂ ಬಾಯಿ ತೆರೆಯಬೇಕಲ್ಲ! ನಾನೂ ಕೈಯಲ್ಲೇ ಉತ್ತರ ಕೊಟ್ಟೆ. ಕೆತ್ತನೆಯ ಚಿಪ್ಪು, ಹೂಬುಟ್ಟಿ ಎಲ್ಲವನ್ನೂ ಬೆರಳಲ್ಲೇ ಬಿಡಿಸಿದೆ. ಆಕೆ ಚಮಚ ಕೊಂಡು, ಎದೆಯ ಮೇಲೆ ಕೈಯಿಟ್ಟು, ಕಣ್ಣು ಒದ್ದೆ ಮಾಡಿಕೊಂಡು ಹೊರಡುವಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು.

"ಹಲೋ, ಹೇಳ ಬೇ ಅವ್ವಾ," ಅಂದುಬಿಟ್ಟೆ.

ಆಕೆ ಹೋದಮೇಲೆ ಸರ್, "ಇನ್ನೊಮ್ಮೆ ಹೀಗಾದರೆ ಬಾಯಿರುವವರನ್ನು ಹುಡುಕಿಕೊಳ್ತೇನೆ. ತಿಳೀತಾ?" ಎಂದರು. ಚಮಚಗಳನ್ನು ಬಿಟ್ಟು ಹೋಗುವುದು ನನಗೆ ಸುತರಾಂ ಬೇಡವಾಗಿತ್ತು. ತಕ್ಷಣ ಚೀಟಿಯಲ್ಲಿ "ತಿಳೀತು ಸರ್" ಎಂದು ಬರೆದುಕೊಟ್ಟೆ.

೨. ದೊಡ್ಡ ಮನಸ್ಸು

ಪಣಜಿಯ ಪಕ್ಕದ ಪರ್ವರಿಯ ನಮ್ಮ ಖೋಲಿಯಲ್ಲಿ ಕೂತು ಚಮಚಗಳ ಫೋಟೊ ನೋಡುತ್ತಿದ್ದೆ. ಅವ್ವ ಹೆಗಲ ಮೇಲಿಂದ ಇಣುಕಿದಳು. ನಮ್ಮ ವಿಜಯಪುರದ ಕಡೆ ಮದುವೆಗೆ ಪಾತ್ರೆ ಕೊಡುವವರು ಅದರ ಮೇಲೆ ತಮ್ಮ ಹೆಸರು ಹಾಕಿಸದೆ ಕೊಡುವುದಿಲ್ಲ. ನಮ್ಮ ಮನೆಯ ಒಂದೊಂದು ತಂಬಿಗೆಗೂ ಒಬ್ಬೊಬ್ಬ ಮಾವನಿದ್ದಾನೆ.

"ಇದು ಯಾರ ಹೆಸರ?"

ಓದಿ ಹೇಳಿದೆ.

"ಈ ಚಮಚದ ಮ್ಯಾಲೆ?"

"ಅವನದೇ."

"ಇದು?"

"ಅದೂ ಅವನದೇ ಬೇ."

ಅವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಯವ್ವಾ! ಎಷ್ಟ ಮದುವಿಗೆ ಹೋಗ್ಯಾನ ಆ ಮನಶ್ಯಾ! ಖರೇ ದೊಡ್ಡ ಮನಸ."

ಅವನು ಮಾಡಿದವನು, ಕೊಟ್ಟವನಲ್ಲ ಎಂದೆ. ಕೊಟ್ಟವರ ಹೆಸರು ಎಲ್ಲೂ ಇಲ್ಲ ಎಂದೂ ಹೇಳಿದೆ. ಅವ್ವನಿಗೆ ನಿಜಕ್ಕೂ ಸಂಕಟವಾಯಿತು.

"ಹೆಸರ ಹಾಕಸ್ಲಿಲ್ಲಂದ್ರ ಮತ್ತ ಕೊಟ್ಟು ಏನ್ ಬಂತು?"

೩. ತೆನೆ

ಇನ್ನೊಂದು ಚಮಚದ ಹಿಡಿಕೆಯ ಮೇಲೆ ಗೋಧಿ ತೆನೆಯ ಕಟ್ಟನ್ನು ಕೆತ್ತಿದ್ದರು. ಆ ಫೋಟೊ ಅಪ್ಪನ ಕೈಗೆ ಹೋಯಿತು, ಅಲ್ಲಿಂದ ಮುರ್ಮುಗಾಂವ್ ಬಂದರಿನಲ್ಲಿ ಮೂಟೆ ಹೊರುವ ಪಕ್ಕದ ಮನೆಯ ಕಾಕಾನ ಕೈಗೆ.

"ಇದು ಗೋಧಿ ಅಲ್ಲ, ಬಿಳಿಜೋಳ," ಎಂದ ಕಾಕಾ.

"ಜೋಳದ ತೆನಿ ಗುಂಡಗ ಇರತೈತಿ. ಕಣ್ಣ ತೋರಿಸ್ಕೋ ಹೋಗು," ಎಂದ ಅಪ್ಪ.

ಕೆತ್ತಿದವನು ಅಮೆರಿಕದವನು, ಅದು ಗೋಧಿಯೇ ಎಂದು ನಾನು ಹೇಳಿದೆ.

"ಯಾವನರ ಇರ್ಲಿ," ಕಾಕಾ ಸೋಲಲಿಲ್ಲ. "ಕಟ್ಟು ಸಡ್ಲ ಐತಿ. ಬಂಡಿ ಏರೂದ್ರಾಗ ಅರ್ಧ ಉದರತೈತಿ."

ಒಲೆಯ ಮುಂದಿನಿಂದ ಅವ್ವ ಕೂಗಿದಳು: "ಅದನ್ನ ಬಿಡ್ರಿ. ಅದರಾಗ ಉಪ್ಪಿಟ್ಟ ಎಷ್ಟ ಹಿಡಿತೈತಿ, ಅದ ಹೇಳ್ರಿ."

೪. ಇನ್ನೂ ಜೋರು

ಮೊನ್ನೆ ಒಬ್ಬ ವಯಸ್ಸಾದ ಗೋವಾದ ಆಂಟಿ ಗಾಜಿನ ಚೌಕಟ್ಟೊಂದನ್ನು ಮಗುವಿನಂತೆ ಅಪ್ಪಿಕೊಂಡು ಬಂದರು. ಒಳಗೆ ಕೆಂಪು ಮಖಮಲ್ಲಿಗೆ ಹೊಲಿದ ಆರು ಚಮಚ.

"ನನ್ನಜ್ಜ ಹಡಗಿನಲ್ಲಿ ಕೆಲಸಕ್ಕಿದ್ದರು," ಎಂದರು ಕೊಂಕಣಿಯಲ್ಲಿ. "ಅವರ ನಿಯತ್ತು ಮೆಚ್ಚಿ ಅಮೆರಿಕದ ಸಾಹುಕಾರನೊಬ್ಬ ಕೊಟ್ಟದ್ದು. ಮೊಮ್ಮಗಳ ಮದುವೆಗೆ ಕೊಡ್ತೇನೆ. ಮಾಡಿದವರ ಹೆಸರು ಹೇಳು ಮಗಳೇ."

ಅಂಗಡಿ ತುಂಬ ಗಿರಾಕಿಗಳು. ಸರ್ ಕೈಕಟ್ಟಿಕೊಂಡು ನನ್ನನ್ನೇ ನೋಡುತ್ತ ನಿಂತರು. ಈ ಸಲ ಬಾಯಿ ಬಿಡದಿದ್ದರೆ ಮನೆಗೆ ಹೋಗು ಎಂದೇ ಅರ್ಥ.

ಅಜ್ಜ ಹೊಲಿದಿಟ್ಟ ಮೇಲೆ ಆ ಚಮಚಗಳ ಬೆನ್ನನ್ನು ಯಾರೂ ನೋಡಿರಲಿಲ್ಲ. ಗಾಜು ತೆಗೆದು, ದಾರ ಕತ್ತರಿಸಿ ಒಂದನ್ನು ತಿರುವಿದೆ. ಮಾಡಿದವರ ಗುರುತು ಇತ್ತು. ಅದರ ಕೆಳಗೆ, ಅದಕ್ಕಿಂತ ದಪ್ಪಕ್ಷರದಲ್ಲಿ, ಊರಿನ ಸಮೇತ ಒಂದು ಹೊಟೇಲಿನ ಹೆಸರು. ಉಳಿದ ಐದರ ಮೇಲೂ ಅದೇ.

"ಇದು ಹೊಟೇಲಿನದು," ಕೊಂಕಣಿಯಲ್ಲೇ ಪಿಸುಗುಟ್ಟಿದೆ.

"ಜೋರಾಗಿ ಹೇಳು, ನನಗೆ ಕಿವಿ ಮಂದ."

"ಹೊಟೇಲಿನದು, ಆಂಟಿ."

"ಇನ್ನೂ ಜೋರು!"

ಸರ್ ಕೆಮ್ಮಿದರು. ನಾನು ಕಣ್ಣು ಮುಚ್ಚಿ, ಇಷ್ಟು ವರ್ಷ ಉಳಿಸಿಟ್ಟ ದನಿಯನ್ನೆಲ್ಲ ಒಟ್ಟಿಗೆ ಬಿಟ್ಟೆ: "ಆಂಟೀ, ನಿಮ್ಮಜ್ಜ ಇವನ್ನು ಹೊಟೇಲಿನಿಂದ ಎತ್ತಿಕೊಂಡು ಬಂದಿದ್ದಾರೆ!"

ಸರ್ ತಲೆ ಹಿಡಿದುಕೊಂಡರು. ಆಂಟಿ ಚಮಚವನ್ನು ಕಣ್ಣಿನ ಹತ್ತಿರ ಹಿಡಿದು ತಾವೇ ಓದಿದರು. ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ನೀರು ತರಲು ಎದ್ದೆ. ಅವರು ನಗುತ್ತಿದ್ದರು.

"ಕಳ್ಳ ಮುದುಕ! ಕೇಳದೆ ಒಂದು ಬಿಸ್ಕತ್ತು ಮುಟ್ಟಿದರೆ ನಮ್ಮ ಕಿವಿ ಹಿಂಡುತ್ತಿದ್ದ!"

ಇಡೀ ಅಂಗಡಿ ನಕ್ಕಿತು. ಸರ್ ಕಣ್ಣೊರೆಸಿಕೊಂಡು, "ಕೆಲಸ ನಿನ್ನದೇ. ದನಿ ಮಾತ್ರ ಸ್ವಲ್ಪ ಇಳಿಸು," ಎಂದರು.

ಆಂಟಿ ಆಗಲೇ ಅಂಗಡಿಯ ಫೋನ್ ಒತ್ತಿ ನನ್ನ ಕೈಗೆ ತುರುಕಿದ್ದರು. "ಇದೇ ಜೋಡಿಯ ಫೋರ್ಕುಗಳು ಕಾಣಕೋಣದಲ್ಲಿ ನನ್ನ ತಂಗಿಯ ಹತ್ತಿರ ಇವೆ. ಊರಿಗೆಲ್ಲ ತೋರಿಸಿ ಮೆರೀತಾಳೆ. ಅವಳಿಗೂ ಹೇಳು!"

ಆ ಕಡೆ ತಂಗಿ ಎತ್ತಿದರು. ಯಾವ ಅಂಗಡಿಯಿಂದ ಎಂದು ಹೇಳಿ, ಮರ್ಯಾದೆಯಿಂದಲೇ ಕೇಳಿದೆ: "ನಿಮ್ಮ ಫೋರ್ಕುಗಳ ಬೆನ್ನು ಯಾವತ್ತಾದರೂ ನೋಡಿದ್ದೀರಾ, ಆಂಟಿ?"

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ನನಗಿಂತ ಮೆಲ್ಲನೆಯ ಪಿಸುದನಿ ಬಂತು:

"ಮದುವೆಯಾದ ವರ್ಷವೇ ನೋಡಿದ್ದೇನೆ. ಅಕ್ಕನಿಗೆ ಮಾತ್ರ ಹೇಳಬೇಡ ಮಗಾ, ಅವಳಿಗೆ ಅಜ್ಜ ಅಂದರೆ ದೇವರು."