ಧೈರ್ಯಕ್ಕೆ ಒಂದು ಕಡಿಮೆ

ಸ್ವಾತಂತ್ರ್ಯ ಬಂದು ಎಂಟು ವರ್ಷವಾದರೂ ಕಂಪನಿ ಸರಕಾರದ ಜೊತೆ ಯುದ್ಧ ನಿಲ್ಲಿಸದಿದ್ದ ಒಬ್ಬನೇ ಒಬ್ಬ ಮನುಷ್ಯ ನನಗೆ ಗೊತ್ತು. ಅವರು ನನ್ನ ಸೋದರಮಾವ. ಧಾರವಾಡದ ಈ ಮಾಮಾ ವಾರದ ಆರು ದಿನ ರೈಲ್ವೆ ಕಚೇರಿಯಲ್ಲಿ ತಲೆಬಗ್ಗಿಸಿ ನಕ್ಷೆ ಬರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಅಂಧೇರಿಯಿಂದ ಲೋಕಲ್ ಹಿಡಿದು ಗೋರೆಗಾಂವ್‌ಗೆ ಹೋಗಿ, ಯುದ್ಧ ಮಾಡಿ, ಊಟದ ಹೊತ್ತಿಗೆ ಸೋತು ಬರುತ್ತಿದ್ದರು.

ಯುದ್ಧಭೂಮಿ ಎಂದರೆ ಒಂದು ಊಟದ ಮೇಜು. ಅದಕ್ಕೆ ಹಸಿರು ಚಾದರ, ಚಾದರದ ಕೆಳಗೆ ಪುಸ್ತಕ ತುರುಕಿ ಮಾಡಿದ ಗುಡ್ಡ, ಗುಡ್ಡದ ಎರಡೂ ಬದಿಗೆ ಹೆಬ್ಬೆರಳಿಗಿಂತ ಚಿಕ್ಕ ಸೀಸದ ಸಿಪಾಯಿಗಳು. ಒಂದು ಕಡೆ ಕಂಪನಿಯ ಪಡೆ, ಇನ್ನೊಂದು ಕಡೆ ನಮ್ಮ ದೇಸಾಯರ ಪಡೆ. ಕಂಪನಿಯ ಸೇನಾಪತಿ ಆ ಮೇಜಿನ ಯಜಮಾನರೇ ಆದ ಒಬ್ಬ ಇಂಗ್ಲಿಷ್ ಮುದುಕ. ನಾವು ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಹುಬ್ಬಳ್ಳಿಯಲ್ಲೇ ಹುಟ್ಟಿ, ರೈಲು ಎಂಜಿನ್ ಓಡಿಸಿ ನಿವೃತ್ತರಾದವರು. ಅವರ ಕನ್ನಡವೆಲ್ಲ ಎಂಜಿನ್ನಿಗೆ ಕಲ್ಲಿದ್ದಲು ಹಾಕುವವರಿಂದ ಕಲಿತದ್ದು. ಹೀಗಾಗಿ ಅದರಲ್ಲಿ ಬಹುವಚನ ಎಂಬುದೇ ಇರಲಿಲ್ಲ. ನಮ್ಮ ಮಾಮಿ ಮೊದಲ ಸಲ ಹೋದಾಗ, "ಬಾ, ಕುಂದ್ರು, ಚಾ ಕುಡಿ, ಲಗೂ ಕುಡಿ" ಎಂದು ಉಪಚರಿಸಿದರಂತೆ. ಮಾಮಿ ಮನೆಗೆ ಬಂದು ಗಂಡನಿಗೆ ಹೇಳಿದರು: "ಇಪ್ಪತ್ತು ವರ್ಷ ಸಂಸಾರ ಮಾಡೀರಿ. ನೀವೂ ಎಂದೂ ಇಷ್ಟು ಸಲಿಗೀಲೆ ಮಾತಾಡ್ಸಿಲ್ಲ."

ಸೀಸ ಕರಗಿಸಿ ಅಚ್ಚಿಗೆ ಹೊಯ್ಯುವುದು ಸಾಹೇಬರ ಕೆಲಸ. ಎರಡೂ ಪಡೆಗೆ ಬಣ್ಣ ಹಚ್ಚುವುದು ಮಾಮಾನ ಕೆಲಸ. ಶತ್ರುವಿನ ಅಂಗಿಗೆ ಗುಂಡಿ ಬರೆದುಕೊಡುವ ಇಂಥ ಯೋಧ ಬೇರೆಲ್ಲಾದರೂ ಇದ್ದಾನೆಯೇ? ಚಾಳಿನ ಗ್ಯಾಲರಿಯಲ್ಲಿ ಕಿಟಕಿಯ ಬೆಳಕಿಗೆ ಕೂತು, ಉಸಿರು ಬಿಗಿಹಿಡಿದು ಒಂದೊಂದೇ ಗುಂಡಿ. ಒಮ್ಮೆ ಮಾಮಿ, "ಇಷ್ಟು ಮಂದಿಗೆ ಬಣ್ಣ ಹಚ್ತೀರಿ, ಮನಿ ಬಾಗಲಿಗೆ ಒಂದ್ಸಲ ಹಚ್ರಿ" ಎಂದರು. ಮಾಮಾ ತಲೆ ಎತ್ತಲಿಲ್ಲ. "ಬಾಗಲಾ ಎರಡು ಇಂಚಿಂದು ಇದ್ರ ಹಚ್ತಿದ್ದೆ."

ಇನ್ನು ಕುಂಚದ ಕಥೆ. ಅಂಗಡಿಯ ಕುಂಚಗಳು ಅವರಿಗೆ ಪೊರಕೆಯಂತೆ ಕಾಣುತ್ತಿದ್ದವು. ಒಮ್ಮೆಯೂ ಕತ್ತರಿ ಕಾಣದ ಕೂದಲಿನ ತುದಿ ಮಾತ್ರ ಸೂಜಿಯಂತಿರುತ್ತದೆ ಎಂಬುದು ಅವರ ಸಂಶೋಧನೆ. ಅಂಥ ಕೂದಲು ಯಾರ ತಲೆಯಲ್ಲಿರುತ್ತದೆ? ಜವಳ ತೆಗೆಸದ ಕೂಸಿನ ತಲೆಯಲ್ಲಿ! ಅಂದಿನಿಂದ ಅಂಧೇರಿಯ ಕನ್ನಡಿಗರ ಮನೆಯಲ್ಲಿ ಯಾವ ಕೂಸಿನ ಜವಳವಾದರೂ ಮಾಮಾ ಹಾಜರು. ಹೋಳಿಗೆಗೆ ಎಲ್ಲರೂ ಕೈಚಾಚಿದರೆ ಇವರು ಕ್ಷೌರಿಕನ ಮುಂದೆ ಚಾಚುತ್ತಿದ್ದರು. ಮೂರನೆಯ ಮಾಳಿಗೆಯ ವಿಜಾಪುರದ ಹೆಣ್ಣುಮಗಳು ಮಾಟ ಮಂತ್ರವೆಂದು ಹೆದರಿ ಅತ್ತೇಬಿಟ್ಟಳು. ಮರುದಿನ ಮಾಮಾ ಒಂದು ಸೀಸದ ಹವಾಲ್ದಾರನನ್ನು ಅಂಗೈಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದರು. "ನೋಡವಾ ತಂಗಿ, ನಿನ್ನ ಮಗನ ಕೂದಲ್ದ ಕುಂಚಾ ಕಟ್ಟಿ ಇವನ ಮೀಸಿ ಬರದೀನಿ." ಅವಳು ಕಣ್ಣೊರೆಸಿಕೊಂಡು ನೋಡಿ, "ಚೊಲೋ ಬಂದದರಿ ಕಾಕಾ. ಆದ್ರ ಬಲಗಡೆದು ಸಣ್ಣ ಆಗೇದ" ಎಂದಳು. ನಿಜವಾಗಿಯೂ ಸಣ್ಣದಾಗಿತ್ತು. ಮಾಮಾ ಆ ದಿನ ಕಚೇರಿಗೆ ತಡವಾಗಿ ಹೋದರು.

ಅವರು ಹಚ್ಚಿದ ಬಣ್ಣದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಒಂದು ತಪ್ಪು ಇತ್ತು, ಸಣ್ಣದೂ ಅಲ್ಲ. ನಮ್ಮ ಕಡೆ ಮುಖಕ್ಕೆ ಮಾರಿ ಎನ್ನುತ್ತಾರೆ. ಮಾಮಾನ ಅಜ್ಜಿ ಇಂಗ್ಲಿಷರನ್ನು ಯಾವಾಗಲೂ ಕೆಂಪು ಮಾರಿಯವರು ಎಂದೇ ಕರೆಯುತ್ತಿದ್ದಳಂತೆ. ಅಜ್ಜಿಯ ಮಾತಿಗೆ ತಪ್ಪದ ಮಾಮಾ ಕಂಪನಿಯ ಗೋರಾ ಸಿಪಾಯಿಗಳ ಮುಖಕ್ಕೆಲ್ಲ ಹನುಮಪ್ಪನ ಗುಡಿಯ ಬಣ್ಣ ಬಳಿದು ತಂದಿಟ್ಟರು. ಸಾಹೇಬರು ಕನ್ನಡಕ ಏರಿಸಿ ನೋಡಿದರು.

"ನನ್ನ ಮಂದಿಗೆ ಜ್ವರ ಬಂದದ ಏನು?"

"ನಮ್ಮಜ್ಜಿ ಹಿಂಗ ಇರ್ತಾರಂತ ಹೇಳ್ಯಾಳ್ರಿ."

"ನಿನ್ನ ಅಜ್ಜಿ ಎಷ್ಟು ಇಂಗ್ಲಿಷ್ ಮಂದಿ ನೋಡ್ಯಾಳ?"

"ಒಬ್ಬನ್ನ ನೋಡ್ಯಾಳ್ರಿ. ಅವನ್ನೂ ಬ್ಯಾಸಿಗ್ಯಾಗ."

ಸಾಹೇಬರು ಬಿದ್ದು ಬಿದ್ದು ನಕ್ಕರು. ಮುಖ ಅಜ್ಜಿ ಹೇಳಿದಷ್ಟೇ ಕೆಂಪಾಯಿತು. ಆ ಬಣ್ಣ ಹಾಗೇ ಉಳಿಯಿತು.

ಇಷ್ಟೆಲ್ಲ ಸ್ನೇಹದ ನಡುವೆ ಒಂದೇ ಒಂದು ಮುಳ್ಳು. ಆಟದ ನಿಯಮಗಳು ಸಾಹೇಬರ ತಂದೆಯ ಕೈಬರಹದ ವಹಿಯಲ್ಲಿದ್ದವು. ಗುಂಡೇಟು ಬಿದ್ದ ತುಕಡಿ ದಾಳ ಎಸೆದು ಧೈರ್ಯ ನೋಡಬೇಕು. ನಾಲ್ಕು ಅಥವಾ ಹೆಚ್ಚು ಬಿದ್ದರೆ ನಿಲ್ಲುತ್ತದೆ, ಕಡಿಮೆ ಬಿದ್ದರೆ ಓಡುತ್ತದೆ. ಕೆಳಗೆ ಇನ್ನೊಂದು ಸಾಲು: ದೇಸೀ ರಾಜರ ಪಡೆಗೆ ಬಿದ್ದದ್ದರಲ್ಲಿ ಒಂದು ಕಡಿಮೆ.

ಮಾಮಾ ಸೋಲುತ್ತಿದ್ದುದು ಈ ಒಂದರಿಂದ. ಸೋಲಿಗೆ ಅವರ ತಕರಾರಿರಲಿಲ್ಲ. ಆ ಸಾಲು ಹೋಗಬೇಕು, ಅಷ್ಟೇ. ಪ್ರತಿ ಭಾನುವಾರ ವಾದ ಹೂಡುತ್ತಿದ್ದರು.

"ಸಾಹೇಬ್ರ, ನಿಮ್ಮ ಕಡೆ ಅರ್ಧಾ ಸಿಪಾಯಿಗಳು ನಮ್ಮೂರವರ. ಅಲ್ಲಿ ನಿಂತ್ರ ಧೈರ್ಯ ಪೂರಾ, ಇಲ್ಲಿ ನಿಂತ್ರ ಒಂದು ಕಡಿಮಿ. ಕಂಪನಿಯವರು ಪಗಾರದ ಜೋಡಿ ಧೈರ್ಯಾನೂ ಹಂಚ್ತಿದ್ರೇನು?"

"ನನ್ನ ಅಪ್ಪ ಬರದಾನ. ನಾ ಹ್ಯಾಂಗ ಅಳಸಲಿ?"

ಪತ್ರಿಕೆಯಲ್ಲಿ ಕೆಲಸ ಮಾಡುವವನು ಯಾರ ಪಕ್ಷವನ್ನೂ ಹಿಡಿಯಬಾರದೆಂದು ನನ್ನನ್ನು ಅಂಪೈರ್ ಮಾಡಿದ್ದರು. ಪ್ರತಿ ತುಕಡಿಯ ಮುಂದೆ 'ನಿಂತರು' ಅಥವಾ 'ಓಡಿದರು' ಎಂದು ನಾನು ದಾಖಲಿಸಬೇಕು. ಮೂರು ವರ್ಷ ನಮ್ಮವರ ಮುಂದೆ 'ಓಡಿದರು' ಎಂದು ಬರೆದೂ ಬರೆದೂ ಕೈ ಸೋತಿತ್ತು.

ಆಮೇಲೆ ಸಾಹೇಬರ ತಂಗಿಯ ಕಾಗದ ಬಂತು. ಇಂಗ್ಲೆಂಡಿಗೆ ಬಂದುಬಿಡು, ಅಲ್ಲಿ ಒಬ್ಬನೇ ಏನು ಮಾಡುತ್ತೀ ಎಂದು. ಹಡಗಿನ ಟಿಕೀಟು ಆಯಿತು. ಅವರು ಆ ದೇಶವನ್ನು ಒಮ್ಮೆಯೂ ನೋಡಿದವರಲ್ಲ. ಕೊನೆಯ ಭಾನುವಾರ ನಾವು ಹೋದಾಗ ಕೋಣೆಯಲ್ಲಿ ಕಟ್ಟಿಟ್ಟ ಟ್ರಂಕುಗಳು, ನಡುವೆ ಮೇಜೊಂದೇ ಬಿಚ್ಚಿಕೊಂಡು ನಿಂತಿತ್ತು. ಸಾಹೇಬರು ವಹಿ ತೆರೆದರು, ಪೆನ್ನು ತೆಗೆದರು, ತಂದೆಯ ಆ ಸಾಲಿನ ಮೇಲೆ ಗೆರೆ ಎಳೆದರು.

"ಸಾಕಲ್ಲ? ಈಗ ದಾಳ ಹಾಕು."

ಮಾಮಾ ದಾಳ ಎಸೆದರು. ಮೊದಲ ದಾಳ, ನಾಲ್ಕು. ನಮ್ಮವರು ನಿಂತರು! ಮಾಮಾ ಕುರ್ಚಿ ಬಿಟ್ಟು ಎದ್ದರು. ಮತ್ತೆ ನಾಲ್ಕು, ಆಮೇಲೆ ಐದು. ನಮ್ಮವರು ನೀಲಿ ರಿಬ್ಬನ್ನಿನ ಹೊಳೆ ದಾಟಿದರು, ಕಂಪನಿಯ ತೋಪು ಹಿಡಿದರು. ನಾನು ಪಕ್ಷಪಾತವಿಲ್ಲದೆ ಬರೆಯುತ್ತಿದ್ದೆ, ಅಕ್ಷರ ಮಾತ್ರ ದಪ್ಪಗಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಂಪನಿಯದೆಂದು ಉಳಿದದ್ದು ಗುಡ್ಡದ ತುದಿಯಲ್ಲಿ ಎಂಟು ಕೆಂಪು ಮಾರಿಗಳು, ಸುತ್ತ ನಮ್ಮ ಪಡೆ. ಅವರು ಓಡಿದರೆ ಆಟ ಮುಗಿಯಿತು.

ಸಾಹೇಬರು ದಾಳ ಎಸೆದರು. ಮೂರು.

ಸಾಹೇಬರು ಆ ಎಂಟು ಜನರನ್ನು ಎತ್ತಲು ಕೈ ಚಾಚಿದರು. ಮಾಮಾ ಆ ಕೈಯನ್ನು ಹಿಡಿದರು.

"ಇರ್ಲಿ ಬಿಡ್ರಿ ಸಾಹೇಬ್ರ. ಅವರಿಗೆ ಒಂದು ಹೆಚ್ಚಿಗಿ ಹಿಡೀರಿ."

"ಯಾಕ? ಬುಕ್ಕಿನ್ಯಾಗ ಇಲ್ಲ."

"ಕಾಣದ ಊರಿಗೆ ಹೊಂಟವರಿಗೆ ಧೈರ್ಯ ಒಂದು ಹೆಚ್ಚಿಗಿ ಬೇಕಾಗ್ತದರಿ."

ಸಾಹೇಬರು ಬಹಳ ಹೊತ್ತು ಚಾದರದ ಸುಕ್ಕು ಸರಿಮಾಡಿದರು. ಆಮೇಲೆ, ಎಂಜಿನ್ನಿನ ಕನ್ನಡ ಬಿಟ್ಟು ಬೇರೆ ಕನ್ನಡ ಬಾರದ ಆ ಮನುಷ್ಯ, ಮಾಮಾನ ಮುಖ ನೋಡಿ, "ನೀವು ಕುಂದರ್ರಿ" ಎಂದರು.

ನಾನು ಅಂಪೈರ್. ಆಕ್ಷೇಪ ಎತ್ತಬೇಕಿತ್ತು. ಮೂರು ಬಿದ್ದದ್ದನ್ನು ಕಣ್ಣಾರೆ ಕಂಡು, ಸುದ್ದಿಯ ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿ, ಆದದ್ದು ಒಂದಿದ್ದರೆ ಬೇರೊಂದು ಬರೆದೆ: 'ನಿಂತರು'.