ಮೂರು ಪಟ್ಟೆ ಆಯಿಲ್

ಸ್ಪೇರ್‌ಪಾರ್ಟ್ಸ್ ಅಂಗಡಿ ಇಟ್ಟವನು ನಗೋದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಗಲ್ಲಾ ಹಿಂದೆ ಸುಮ್ಮನೆ ಕೂತಿದ್ದರೆ ನಗು ತಾನಾಗಿ ಮೆಟ್ಟಿಲು ಹತ್ತಿ ಬರುತ್ತೆ. ತೊಂದರೆ ಏನಪ್ಪಾ ಅಂದರೆ, ಬಂದಾಗ ಅದು ನಗು ಅಂತ ಗೊತ್ತಾಗೋದಿಲ್ಲ. ಆಗ ಎದೆ ಡವಡವ ಅಂತಿರುತ್ತೆ. ನನ್ನ ಪಾಲಿಗಂತೂ ಹಾಗೇ ಆಗಿದೆ. ಈಗ ನೆನೆಸಿಕೊಂಡು ನಗೋ ಒಂದೊಂದು ಪ್ರಸಂಗಕ್ಕೂ ಆಗ ನಾನು ರಕ್ತದೊತ್ತಡದ ಮಾತ್ರೆ ನುಂಗಿದ್ದೀನಿ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಮೈಸೂರಿನ ವಿಜಯನಗರದಲ್ಲಿ ಆಗಿನ್ನೂ ಖಾಲಿ ಸೈಟುಗಳೇ ಜಾಸ್ತಿ. ನನ್ನದು ಅರ್ಧ ಅಂಗಡಿ. ಮಿಕ್ಕ ಅರ್ಧದಲ್ಲಿ ಒಬ್ಬ ಬೈಕ್ ಮೆಕ್ಯಾನಿಕ್. ಹತ್ತು ವರ್ಷ ವ್ಯಾಪಾರ ಮಾಡಿದರೂ ನನ್ನ ಅಂಗಡಿಗೆ ಒಂದು ಬೋರ್ಡ್ ಇರಲಿಲ್ಲ. ಜನ ಅದನ್ನು ‘ಮೆಕ್ಯಾನಿಕ್ ಪಕ್ಕದ್ದು’ ಅಂತಲೇ ಕರೀತಿದ್ದರು. ನನ್ನ ಮಾವನವರಂತೂ ನೆಂಟರ ಮುಂದೆ, ‘ಅಳಿಯಂದಿರು ಮೆಕ್ಯಾನಿಕ್ ಪಕ್ಕ ಇದಾರೆ’ ಅನ್ನೋರು. ಅದು ನನಗೆ ಚುಚ್ಚುತ್ತಿತ್ತು.

ಒಂದು: ಸ್ಟಿಕರ್

ಒಂದು ದಿನ ಟೈ ಕಟ್ಟಿಕೊಂಡ ಕಂಪನಿ ಪ್ರತಿನಿಧಿ ಒಬ್ಬರು ಬಂದರು. ಅವರದು ಹೊಸ ಆಯಿಲ್ ಕಂಪನಿ. ಆಗಿನ ಬೈಕು, ಸ್ಕೂಟರುಗಳಿಗೆ ಪೆಟ್ರೋಲ್ ಜೊತೆ ಬೆರೆಸಿ ಹಾಕುತ್ತಿದ್ದರಲ್ಲ, ಆ ಆಯಿಲ್. ಊರಾಚೆ ವಿಮಾನದ ಮೈದಾನದಲ್ಲಿ ಡ್ರ್ಯಾಗ್ ರೇಸ್ ಇದೆ, ನಿಮ್ಮ ಪಕ್ಕದ ಮೆಕ್ಯಾನಿಕ್ ಓಡಿಸ್ತಾರಂತೆ, ಅವರ ಖರ್ಚು ನಾವು ನೋಡ್ಕೋತೀವಿ, ಬೈಕಿನ ಟ್ಯಾಂಕಿನ ಮೇಲೆ ನಮ್ಮ ಸ್ಟಿಕರ್ ಇರಬೇಕು ಅಂದರು. ಗೆದ್ದ ಬೈಕಿಗೆ ಯಾವ ಆಯಿಲೋ ಜನ ಅದನ್ನೇ ಕೊಳ್ತಾರೆ, ಊರಲ್ಲೆಲ್ಲ ನಮ್ಮ ಹೆಸರು ನಡೆದರೆ ಮೈಸೂರಿನ ಏಜೆನ್ಸಿ ನಿಮ್ಮದೇ, ಬೋರ್ಡ್ ನಾವೇ ಹಾಕಿಸಿಕೊಡ್ತೀವಿ, ಇಲ್ಲಾಂದ್ರೆ ಎದುರು ಅಂಗಡಿಯವರು ಕೇಳ್ತಾ ಇದಾರೆ ಅಂತಲೂ ಹೇಳಿದರು.

ಬೋರ್ಡ್ ಅಂದ ತಕ್ಷಣ ನಾನು ಕಾಫಿ ತರಿಸಿದೆ. ಎದುರು ಅಂಗಡಿ ಅಂದ ತಕ್ಷಣ ಮಸಾಲೆದೋಸೇನೂ ತರಿಸಿದೆ.

ಎರಡು: ಅವ್ವನ ಮೂರು ಬೆರಳು

ಡ್ರ್ಯಾಗ್ ರೇಸ್ ನೋಡದವರಿಗೆ ಹೇಳಿಬಿಡ್ತೀನಿ. ಎರಡು ಬೈಕು ಅಕ್ಕಪಕ್ಕ ನಿಲ್ಲುತ್ತವೆ, ನೆಟ್ಟಗೆ ಕಾಲು ಮೈಲಿ ಹೋಗುತ್ತವೆ, ಅಷ್ಟೇ. ಸೀನೋ ಹೊತ್ತಿಗೆ ಮುಗಿದಿರುತ್ತೆ. ಅದಕ್ಕೆ ಜನ ಬೆಳಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದರು.

ಮೆಕ್ಯಾನಿಕ್‌ನ ತಾಯಿ ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದು ನೇರ ಮೈದಾನಕ್ಕೇ ಇಳಿದರು. ಶಿವಭಕ್ತರ ಮನೆತನ, ಹಣೆ ತುಂಬ ವಿಭೂತಿ. ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಆಮೇಲೆ ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಲ್ಲಿ ಟ್ಯಾಂಕಿನ ಮೇಲೆ ಎಳೆದುಬಿಟ್ಟರು. ಸರಿಯಾಗಿ ಸ್ಟಿಕರ್ ಮೇಲೆ. ಕಂಪನಿ ಹೆಸರಿನ ಒಂದಕ್ಷರವೂ ಕಾಣದ ಹಾಗೆ.

ಪ್ರತಿನಿಧಿಗಳ ಮುಖ ಬಿಳುಚಿಕೊಂಡಿತು. ಸ್ವಲ್ಪ ಒರೆಸಿಬಿಡಿ ಅಂತ ಮೆಕ್ಯಾನಿಕ್‌ಗೆ ಕೈ ಮುಗಿದರು. ಅವನು ಹೆಲ್ಮೆಟ್ ಒಳಗಿಂದಲೇ ಹೇಳಿದ: “ಸಾರ್, ಬೇಕಾದ್ರೆ ಸ್ಟಿಕರ್ ಕಿತ್ತಾಕ್ತೀನಿ. ಅವ್ವ ಹಚ್ಚಿದ್ನ ನಾನು ಮುಟ್ಟಕ್ಕಿಲ್ಲ.”

ಗೆದ್ದ. ಎಲ್ಲರನ್ನೂ ಹಿಂದೆ ಹಾಕಿ ಗೆದ್ದ. ಮಾರನೇ ದಿನ ಊರಿನ ಸಂಜೆ ಪತ್ರಿಕೆಯಲ್ಲಿ ದೊಡ್ಡ ಫೋಟೊ. ಕಪ್ಪು ಟ್ಯಾಂಕಿನ ಮೇಲೆ ಎದ್ದು ಹೊಡೆಯೋ ಹಾಗೆ ಮೂರು ಬಿಳಿ ಪಟ್ಟೆ. ಕಂಪನಿಯವರು ಖರ್ಚು ಮಾಡಿದ್ದರು, ಪ್ರಚಾರ ಮಾತ್ರ ಶಿವನಿಗೆ ಸಿಕ್ಕಿತ್ತು.

ಮೂರು: ಸ್ಪೀಡು ಬೇಡದವರು

ವಾರ ಕಳೆಯೋದರೊಳಗೆ ಗಿರಾಕಿಗಳು ಶುರುವಾದರು. ಯಾರ ಬಾಯಲ್ಲೂ ಕಂಪನಿ ಹೆಸರಿಲ್ಲ. ಎಲ್ಲರಿಗೂ ‘ಆ ಮೂರು ಪಟ್ಟೆ ಆಯಿಲ್’ ಬೇಕು. ಕಂಪನಿಯವರು ಇಳಿಸಿಹೋಗಿದ್ದ ಡಬ್ಬ ಕೊಟ್ಟು, ಇದೇ ಅದು ಕಣ್ರೀ ಅಂದರೆ ತಿರುಗಿಸಿ ತಿರುಗಿಸಿ ನೋಡಿ, ಪಟ್ಟೆ ಎಲ್ಲಿ ಅಂತ ಕೇಳೋರು. ನನ್ನನ್ನೇ ಕಳ್ಳನ ಹಾಗೆ ನೋಡಿ ವಾಪಸ್ ಇಟ್ಟು ಹೋಗೋರು.

ಬ್ಯಾಂಕ್ ಗುಮಾಸ್ತರೊಬ್ಬರು ಹೆಂಡತಿಯನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಬಂದು, ಆಯಿಲ್ ಮೂರು ಪಟ್ಟೇದೇ ಕೊಡಿ, ಆದರೆ ಸ್ಪೀಡು ಕಡಿಮೆ ಇರೋದು ಇದ್ದರೆ ನೋಡಿ ಅಂದರು. ಟೈಲರಿಂಗ್ ಮಾಡೋ ಹೆಂಗಸೊಬ್ಬರು ಹೊಲಿಗೆ ಮೆಷಿನ್ನಿಗೆ ಕೇಳಿದರು. ಮದುವೆ ರವಿಕೆಗಳು ಹಾಗೇ ಗುಡ್ಡೆ ಬಿದ್ದಿವೆ, ಒಂದೆರಡು ತೊಟ್ಟು ಬಿಟ್ಟು ನೋಡ್ತೀನಿ ಅಂದರು. ನಾನು ಬೇಡ ಅಂದಿದ್ದಕ್ಕೆ, ರೇಸಿನವರಿಗೆ ಮಾತ್ರ ಕೊಡ್ತೀರಾ ಅಂತ ಜಗಳಕ್ಕೇ ನಿಂತರು.

ಒಬ್ಬರು ಮಾತ್ರ ಬೇಡ ಅಂದರು. ಜಯಲಕ್ಷ್ಮಿಪುರದಿಂದ ಮೊಪೆಡ್ ಮೇಲೆ ಬರುತ್ತಿದ್ದ ನಿವೃತ್ತ ಮೇಷ್ಟ್ರು. ಹಣೆ ಮೇಲೆ ನೆಟ್ಟಗೆ ಉದ್ದದ ನಾಮ ಇಟ್ಟುಕೊಳ್ಳೋರು. ನಮ್ಮ ಗಾಡಿಗೆ ಆ ಅಡ್ಡ ಪಟ್ಟೆ ಒಗ್ಗೋದಿಲ್ಲ ಸ್ವಾಮಿ, ಡ್ರಮ್ಮಿನ ಬಿಡಿ ಆಯಿಲ್ ಕೊಡಿ ಅಂತ ನಗುನಗುತ್ತಲೇ ಬಾಟಲಿ ಮುಂದೆ ಹಿಡಿಯೋರು. ಎಂಜಿನ್ನಿಗೂ ಒಂದು ಮತ ಇರುತ್ತೆ ಅಂತ ಅವತ್ತೇ ನನಗೆ ಗೊತ್ತಾಗಿದ್ದು.

ನಾಲ್ಕು: ಬಿಳಿ ಬಣ್ಣ

ಡಬ್ಬಗಳು ಹಾಗೇ ಕೂತವು. ಎದುರು ಅಂಗಡಿಯವನು ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ ಹಲ್ಲುಕಡ್ಡಿ ಆಡಿಸುತ್ತಿದ್ದ. ಕೊನೆಗೆ ನಾನು ಒಂದು ಸಣ್ಣ ಬ್ರಷ್ಷು, ಬಿಳಿ ಪೇಂಟು ತಂದೆ. ಮಧ್ಯಾಹ್ನ ಊಟಕ್ಕೆ ಶಟರ್ ಎಳೆದು ಡಬ್ಬಗಳ ಮೇಲೆ ಅಡ್ಡಡ್ಡ ಮೂರು ಪಟ್ಟೆ ಬಳಿದೆ. ಕಂಪನಿ ಮಾಲಿನ ಮೇಲೆ ಬಣ್ಣ ಬಳಿಯೋದು ತಪ್ಪು ಅಂತ ಚೆನ್ನಾಗಿ ಗೊತ್ತು. ಆದರೆ ಸಂಜೆ ಹೊತ್ತಿಗೆ ಬಳಿದಿದ್ದೆಲ್ಲ ಖಾಲಿ.

ಮನೆಯಲ್ಲಿ ಹೆಂಡತಿ ನನ್ನ ಉಗುರು ನೋಡಿ, ಏನ್ರೀ ಇದು ಸುಣ್ಣ, ಯಾರ ಮನೆಗೆ ಬಣ್ಣ ಹೊಡೆಯೋಕೆ ಹೋಗಿದ್ರಿ ಅಂತ ಕೇಳಿದಳು. ನಿಜ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ. “ಮಧ್ಯದ ಪಟ್ಟೆ ವಕ್ರ ಹೋಗಿರುತ್ತೆ ನೋಡಿ, ನಿಮ್ಮ ಕೈ ನಂಗೊತ್ತಿಲ್ವಾ,” ಅಂದಳು. ಮಾರನೇ ದಿನದಿಂದ ಊಟದ ಕ್ಯಾರಿಯರ್ ಜೊತೆ ಅವಳೇ ಬಂದು ಬಳಿಯೋಕೆ ಕೂತಳು. ರಂಗೋಲಿ ಕೈ ನೋಡಿ, ಪಟ್ಟೆ ಅಂದರೆ ಪಟ್ಟೆ.

ಐದು: ಕಳ್ಳ ಸಿಕ್ಕಿದ

ಎರಡು ತಿಂಗಳು ಹೀಗೇ ಹೋಯಿತು. ಒಂದು ಮಧ್ಯಾಹ್ನ ಶಟರ್ ಎತ್ತಿ ಹೆಂಡತಿಯನ್ನು ಮನೆಗೆ ಕಳಿಸಿದ್ದೆ, ಅಷ್ಟರಲ್ಲಿ ಪ್ರತಿನಿಧಿಗಳ ಹಿಂದೆಯೇ ಬೆಂಗಳೂರಿನ ದೊಡ್ಡ ಸಾಹೇಬರು ಕಾರಿನಿಂದ ಇಳಿದರು. ಕಂಪನಿಯವರು ಊರೆಲ್ಲ ಜನರನ್ನು ಬಿಟ್ಟು, ಗಾಡಿಗೆ ಯಾವ ಆಯಿಲ್ ಹಾಕ್ತೀರಿ ಅಂತ ವಿಚಾರಿಸಿದ್ದರಂತೆ. ಒಬ್ಬರೂ ಕಂಪನಿ ಹೆಸರು ಹೇಳಿಲ್ಲ. ಕೇಳಿದವರೆಲ್ಲ ‘ಮೂರು ಪಟ್ಟೆ’ ಅಂದಿದ್ದಾರೆ.

“ಯಾರೋ ಮೂರು ಪಟ್ಟೆ ಅನ್ನೋ ಕಂಪನಿಯವನು ನಮ್ಮ ಗಿರಾಕಿಗಳನ್ನೆಲ್ಲ ಹೊಡ್ಕೋತಾ ಇದಾನೆ,” ಅಂದರು ಸಾಹೇಬರು. “ಅವನು ಯಾರು ಅಂತ ತಿಳೀದೆ ಇಲ್ಲಿ ಯಾರಿಗೂ ಏಜೆನ್ಸಿ ಇಲ್ಲ.”

ಪ್ರತಿನಿಧಿಗಳು ನೆಲ ನೋಡಿದರು. ವಿಭೂತಿ ವಿಷಯ ಅವರು ಬೆಂಗಳೂರಿಗೆ ಬರೆದೇ ಇರಲಿಲ್ಲ. ನನ್ನ ಗಲ್ಲಾ ಕೆಳಗೆ ಬ್ರಷ್ಷು, ಪೇಂಟು. ಬೆನ್ನ ಹಿಂದೆ, ಪರದೆ ಆಚೆ, ಪಟ್ಟೆ ಬಳಿದು ಒಣಗಲು ಇಟ್ಟ ಡಬ್ಬಗಳು. ಚಾಮುಂಡಿ ತಾಯಿ, ಈ ಒಂದು ಸಲ ಪಾರು ಮಾಡು, ಮೆಟ್ಟಿಲು ಹತ್ತಿಕೊಂಡೇ ಬರ್ತೀನಿ ಅಂತ ಮನಸ್ಸಲ್ಲೇ ಬೇಡಿಕೊಂಡೆ.

ಅದೇ ಹೊತ್ತಿಗೆ ಬ್ಯಾಂಕ್ ಗುಮಾಸ್ತರು ಬರಬೇಕೆ. ಒಂದು ಮೂರು ಪಟ್ಟೆ ಕೊಡಿ ಅಂದರು. ನಾನು ಕೇಳಿಸದವನ ಹಾಗೆ ಕ್ಯಾಲೆಂಡರ್ ನೋಡಿದೆ. ಅವರು ಪಾಪ, ಕೆಲಸಕ್ಕೆ ಹೊತ್ತಾಯ್ತು ಅಂತ ತಾವೇ ಪರದೆ ಸರಿಸಿ ಒಂದು ಡಬ್ಬ ತಗೊಂಡು, ಲೆಕ್ಕಕ್ಕೆ ಬರ್ಕೊಳ್ಳಿ ಅಂತ ಹೊರಟರು. ಸಾಹೇಬರು ಅವರ ಕೈಯಿಂದ ಡಬ್ಬ ಕಿತ್ತುಕೊಂಡು ಉಗುರಿನಿಂದ ಪಟ್ಟೆ ಕೆರೆದರು. ಪೇಂಟು ಹಸಿ. ಅದರಡಿಯಿಂದ ಅವರದೇ ಕಂಪನಿ ಹೆಸರು ಇಣುಕಿತು.

ಇನ್ನೇನು ಮುಚ್ಚಿಡೋದು? ರೇಸು, ಅವ್ವ, ವಿಭೂತಿ, ಬ್ರಷ್ಷು, ಹೆಂಡತಿ, ಎಲ್ಲ ಹೇಳಿಬಿಟ್ಟೆ. ಸಾಹೇಬರು ಡಬ್ಬ ತಿರುಗಿಸಿ ನೋಡಿದರು. “ಅಂದ್ರೆ ಎರಡು ತಿಂಗಳಿಂದ ನಾನು ಹುಡುಕ್ತಾ ಇರೋ ಕಳ್ಳ ನಾನೇನಾ?” ಅಂದರು. ಆಮೇಲೆ ಸ್ಟೂಲ್ ಮೇಲೆ ಕೂತು, ಡಬ್ಬ ಸಮೇತ ಹೊಟ್ಟೆ ಹಿಡಿದುಕೊಂಡು ನಗೋಕೆ ಶುರುಮಾಡಿದರು. ನನಗೆ ಹೋದ ಜೀವ ಬಂದ ಹಾಗಾಯಿತು. ಮುಂದಿನ ಡಬ್ಬಗಳ ಮೇಲೆ ಮೂರು ಪಟ್ಟೆ ಕಾರ್ಖಾನೆಯಲ್ಲೇ ಅಚ್ಚು ಹಾಕಿಸ್ತೀನಿ, ಆಯುಧ ಪೂಜೆಯೊಳಗೆ ಅಷ್ಟೂ ಮಾರಿ ತೋರಿಸಿ, ಬೋರ್ಡ್ ನಿಮ್ಮದು ಅಂದರು.

ಹೋಗುವಾಗ ಅವರ ಬಿಳಿ ಶರ್ಟಿನ ಮೇಲೆ ಮೂರು ಪಟ್ಟೆ ಅಂಟಿಕೊಂಡಿತ್ತು. ಯಾರೂ ಹೇಳಲಿಲ್ಲ.

ಆರು: ನಿಂತ ಡಬ್ಬ, ಮಲಗಿದ ಡಬ್ಬ

ಆಯುಧ ಪೂಜೆಗೆ ಹದಿನೈದು ದಿನ ಇರುವಾಗ ಲಾರಿ ಬಂತು. ಡಬ್ಬ ತೆಗೆದು ನೋಡಿದೆ. ಮೂರು ಪಟ್ಟೆ ಇದೆ, ಚೆನ್ನಾಗೇ ಇದೆ. ಆದರೆ ಮೇಲಿಂದ ಕೆಳಕ್ಕೆ, ಉದ್ದಕ್ಕೆ ಇದೆ. ಬೆಂಗಳೂರಿನವರು ಕಾರ್ಖಾನೆಗೆ ಮೂರು ಪಟ್ಟೆ ಅಂತ ಬರೆದಿದ್ದರೇ ಹೊರತು ಅಡ್ಡವೋ ಉದ್ದವೋ ಅಂತ ಬರೆದಿರಲಿಲ್ಲ. ವಿಭೂತಿ ಹೋಗಿ ನಾಮ ಆಗಿ ಬಂದಿತ್ತು.

ಮೆಕ್ಯಾನಿಕ್ ನೋಡಿ, ಅವ್ವ ಇದ ನೋಡಿದ್ರೆ ನನ್ನ ಮನೆಗೇ ಸೇರ್ಸಕ್ಕಿಲ್ಲ ಕಣಣ್ಣ ಅಂದ. ಹಳೇ ಗಿರಾಕಿಗಳು ಡಬ್ಬ ಮುಟ್ಟಲಿಲ್ಲ, ಇದು ಡೂಪ್ಲಿಕೇಟ್ ಅಂದರು. ಎದುರು ಅಂಗಡಿಯವನ ಹಲ್ಲುಕಡ್ಡಿ ಮತ್ತೆ ಆಡತೊಡಗಿತು. ಆಶ್ಚರ್ಯ ಅಂದರೆ, ಜಯಲಕ್ಷ್ಮಿಪುರದ ಮೇಷ್ಟ್ರು ಆ ಡಬ್ಬ ನೋಡಿದ್ದೇ ಕನ್ನಡಕ ಏರಿಸಿಕೊಂಡು, ಈಗ ನೋಡಿ ಕಂಪನಿಯವರಿಗೆ ಬುದ್ಧಿ ಬಂದಿದೆ ಅಂತ ಎರಡು ತಗೊಂಡರು. ತಮ್ಮ ಬೀದಿಯವರನ್ನೂ ಕಳಿಸಿದರು. ಆದರೆ ಅವರೊಬ್ಬರ ಬೀದಿಯಿಂದ ಲಾರಿ ಮಾಲು ಖಾಲಿಯಾಗುತ್ತದೆಯೇ?

ಉಪಾಯ ಹೇಳಿದ್ದು ಹೆಂಡತಿ. ಕ್ಯಾರಿಯರ್ ಇಟ್ಟು, ಶೆಲ್ಫ್ ಕಡೆ ಕತ್ತು ಓರೆ ಮಾಡಿ ನೋಡಿದಳು. “ಮಲಗಿಸಿ ಕಣ್ರೀ,” ಅಂದಳು.

ಅಷ್ಟೇ. ಒಂದು ಶೆಲ್ಫಿನಲ್ಲಿ ಡಬ್ಬಗಳನ್ನು ನಿಲ್ಲಿಸಿದೆ, ಇನ್ನೊಂದರಲ್ಲಿ ಮಲಗಿಸಿದೆ. ನಿಂತಿದ್ದು ಉದ್ದ, ಮಲಗಿದ್ದು ಅಡ್ಡ. ಗಿರಾಕಿ ಹಣೆ ನೋಡಿ ಶೆಲ್ಫಿಗೆ ಕೈ ಹಾಕುತ್ತಿದ್ದೆ. ಹಣೆ ಖಾಲಿ ಇದ್ದರೆ ಯಾವುದು ಹತ್ತಿರವೋ ಅದು. ಆಯುಧ ಪೂಜೆಯ ಹಿಂದಿನ ದಿನ ಸಂಜೆಗೆ ಉಳಿದಿದ್ದು ಒಂದೇ ಒಂದು ಡಬ್ಬ.

ಆಗ ಒಂದು ಕಡೆಯಿಂದ ಅವ್ವ ಬಂದರು, ಇನ್ನೊಂದು ಕಡೆಯಿಂದ ಮೇಷ್ಟ್ರು. ಇಬ್ಬರಿಗೂ ಪೂಜೆಗೆ ಡಬ್ಬ ಬೇಕು. ನಾನು ಆ ಡಬ್ಬವನ್ನು ನಿಲ್ಲಿಸಲೂ ಆಗದೆ ಮಲಗಿಸಲೂ ಆಗದೆ ಓರೆಯಾಗಿ ಹಿಡಿದುಕೊಂಡು ನಿಂತೆ. ಅವ್ವ ನನ್ನನ್ನು ನೋಡಿದರು, ಡಬ್ಬ ನೋಡಿದರು, ಎರಡೂ ಶೆಲ್ಫು ನೋಡಿದರು. “ಅವರ್ಗೇ ಕೊಟ್ಬುಡಪ್ಪ,” ಅಂದರು. “ಒಳಗಿರೋ ಎಣ್ಣೆಗೆ ಅಡ್ಡ ಯಾವ್ದು ಉದ್ದ ಯಾವ್ದು.” ಮೇಷ್ಟ್ರು ತಲೆ ಆಡಿಸಿ, ಸತ್ಯವಾದ ಮಾತು ತಾಯಿ ಅಂತ ಡಬ್ಬ ತಗೊಂಡು, ಮೊಪೆಡ್ಡಿನ ಬುಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸಿ, ಬೀಳದ ಹಾಗೆ ದಾರದಲ್ಲಿ ಕಟ್ಟಿಕೊಂಡು ಹೋದರು.

ಅವರು ತಿರುವು ದಾಟಿದ ಮೇಲೆ ಅವ್ವ ನನ್ನ ಕಡೆ ಬಗ್ಗಿ, “ಮಲಗಿರೋದು ಇನ್ನೊಂದು ಒಳಗೆಲ್ಲಾರ ಇದ್ರೆ ನೋಡಪ್ಪ,” ಅಂದರು.

ಕಂಪನಿಯವರು ಮಾತು ಉಳಿಸಿಕೊಂಡರು. ಬೋರ್ಡ್ ಬರೆಯೋನು ಏಣಿ ಹಾಕಿಕೊಂಡು ಬಂದ. ಮಾವನವರೂ ನೋಡೋಕೆ ಬಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಕಣ್ಣು ತುಂಬಿ ಬಂದಿತ್ತು. ಹೆಸರೆಲ್ಲ ಬರೆದು ಮುಗಿಸಿ ಅವನು ಏಣಿ ಮೇಲಿಂದ ಕೇಳಿದ, ಅಣ್ಣ, ಡಬ್ಬ ನಿಲ್ಲಿಸಿ ಬರೀಲಾ, ಮಲಗಿಸಿ ಬರೀಲಾ?

ಬೀದಿ ಆ ಕಡೆ, ಈ ಕಡೆ ನೋಡಿದೆ. “ಉರುಳ್ತಾ ಇರೋ ಹಾಗೆ ಬರಿಯಪ್ಪ,” ಅಂದೆ.

ಆ ಬೋರ್ಡ್ ಬಹಳ ವರ್ಷ ಇತ್ತು. ಸಾಹೇಬರು ಅದನ್ನು ನೋಡಿ, ಏನು ಕಲ್ಪನೆ ಕಣ್ರೀ ನಿಮ್ಮದು, ರೇಸಿನ ವೇಗ ಅಂದರೆ ಇದು ಅಂತ ನನ್ನ ಬೆನ್ನು ತಟ್ಟಿದರು.